ಚಳಿಗಾಗಿ ಕಾಯುವ ಬೀಜ

ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರು. ಜನವರಿ ತಿಂಗಳ ಬೆಳಗು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿದೆ. ಅಲ್ಲಿ ಕೆಲಸದಿಂದ ನಿವೃತ್ತರಾದ ಮುದುಕರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಒಡೆದರೆ ಒಳಗೆ ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳು. ಒಂದೊಂದರಲ್ಲೂ ಒಂದು ಚಿಟಿಕೆ ಬೀಜ. ಕೆಲವು ಸಾಸಿವೆಯಷ್ಟು, ಇನ್ನು ಕೆಲವು ನಶ್ಯದ ಪುಡಿಯಷ್ಟು. ಅಜ್ಜ ಮಣ್ಣಿಗೆ ದಪ್ಪ ಮರಳು ಬೆರೆಸಿ ಕುಂಡಕ್ಕೆ ತುಂಬುತ್ತಾರೆ. ಬೀಜ ಉದುರಿಸಿ ಮೇಲೆ ತೆಳುವಾಗಿ ನುರುಜುಗಲ್ಲು ಹರಡುತ್ತಾರೆ. ಹೆಸರು, ತಾರೀಕು ಬರೆದ ಪಟ್ಟಿಯೊಂದನ್ನು ಸಿಕ್ಕಿಸುತ್ತಾರೆ. ಇಷ್ಟಾದ ಮೇಲೆ ಕುಂಡವನ್ನು ಅಡುಗೆಮನೆಯ ಬೆಚ್ಚಗಿನ ಕಿಟಕಿಯಲ್ಲಿ ಇಡುತ್ತಾರೆ ಎಂದು ನೀವು ಭಾವಿಸಿದರೆ ಅದು ತಪ್ಪು. ನೇರವಾಗಿ ಹೊರಗೆ ಒಯ್ದು, ಕೊರೆಯುವ ಚಳಿಯಲ್ಲಿ ಇಟ್ಟು, ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ.

ನೋಡಿದವರಿಗೆ ಇದು ಕ್ರೌರ್ಯ ಎನ್ನಿಸಬಹುದು. ಆದರೆ ಅಜ್ಜನಿಗೆ ಆ ಬೀಜದ ಸ್ವಭಾವ ಗೊತ್ತಿದೆ. ಹೆಸರುಕಾಳನ್ನು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನವೇ ಮೊಳಕೆ ಬರುತ್ತದೆ. ಎತ್ತರದ ಪರ್ವತಗಳ ಅನೇಕ ಗಿಡಗಳ ಬೀಜಗಳು ಹಾಗಲ್ಲ. ಬೇಸಗೆಯ ಕೊನೆಯಲ್ಲಿ ಅವು ಬಲಿತು ಉದುರುವಾಗ ನೆಲದಲ್ಲಿ ತೇವವೂ ಇರುತ್ತದೆ, ಬಿಸಿಲೂ ಇರುತ್ತದೆ. ಆಗಲೇ ಮೊಳೆತರೆ ಗತಿಯೇನು? ಎಳೆಯ ಸಸಿ ಕೆಲವೇ ವಾರಗಳಲ್ಲಿ ಬರುವ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಆದ್ದರಿಂದ ಬೀಜ ತನಗೆ ತಾನೇ ಬೀಗ ಹಾಕಿಕೊಂಡಿರುತ್ತದೆ. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ತೇವದೊಂದಿಗೆ ಚಳಿಯೂ ಕೂಡಿ ವಾರಗಟ್ಟಲೆ ತಾಗಿದ ಮೇಲೆ ಮೊಳಕೆಯನ್ನು ತಡೆಯುವ ರಾಸಾಯನಿಕಗಳ ಹಿಡಿತ ಸಡಿಲಗೊಂಡು, ಮೊಳಕೆಯನ್ನು ಪ್ರಚೋದಿಸುವ ರಾಸಾಯನಿಕಗಳ ಕೈ ಮೇಲಾಗುತ್ತದೆ. ಚಳಿಗಾಲ ಕಳೆಯಿತು ಎಂಬ ಲೆಕ್ಕ ಬೀಜದೊಳಗೆ ಪೂರ್ತಿಯಾದಾಗ ಬೀಗ ತೆರೆಯುತ್ತದೆ. ಚಳಿ ಆ ಬೀಜಕ್ಕೆ ಶತ್ರುವಲ್ಲ, ಬೀಗದ ಕೈ.

ಈ ಲಕೋಟೆಯನ್ನು ಕಳಿಸಿದ್ದು ಯಾವುದೋ ಬೀಜದ ಅಂಗಡಿಯಲ್ಲ, ಒಂದು ಸಂಘ. ಬ್ರಿಟನ್ನಿನ ಆಲ್ಪೈನ್ ಗಾರ್ಡನ್ ಸೊಸೈಟಿ 1929ರಲ್ಲಿ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಸರ್ ವಿಲಿಯಂ ಲಾರೆನ್ಸ್. 1933ರಲ್ಲಿ ಸ್ಕಾಟ್ಲೆಂಡಿನ ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್ಬೂ 1934ರಲ್ಲಿ ಅಮೆರಿಕದ ಸಂಘವೂ ಬಂದವು. ಮೂರೂ ಇಂದಿಗೂ ನಡೆಯುತ್ತಿವೆ. ಸದಸ್ಯರು ತಮ್ಮ ತೋಟದ ಗಿಡಗಳಿಂದ ಬೀಜ ಕೂಡಿಸಿ ಸಂಘಕ್ಕೆ ಕಳಿಸುತ್ತಾರೆ. ಸ್ವಯಂಸೇವಕರು ಕೂತು ಅದನ್ನು ವಿಂಗಡಿಸಿ ಚಿಟಿಕೆ ಚಿಟಿಕೆಯಾಗಿ ಪೊಟ್ಟಣ ಕಟ್ಟುತ್ತಾರೆ. ಪಟ್ಟಿಯಲ್ಲಿ ಸಾವಿರಾರು ಬಗೆಯ ಬೀಜಗಳಿರುತ್ತವೆ. ಬೀಜ ಕೊಟ್ಟವರಿಗೆ ಒಂದಿಷ್ಟು ಹೆಚ್ಚು ಪೊಟ್ಟಣ ಸಿಗುವುದೂ ಉಂಟು. ಇವರಲ್ಲಿ ಹೆಚ್ಚಿನವರು ಸಸ್ಯಶಾಸ್ತ್ರದ ಪಂಡಿತರಲ್ಲ, ಬೇರೆ ಬೇರೆ ಕಸುಬಿನ ಸಾಮಾನ್ಯ ಜನ. ಅವರನ್ನು ಒಟ್ಟಿಗೆ ಸೇರಿಸಿರುವುದು ಬೆಟ್ಟದ ತುದಿಯ ಗಿಡಗಳ ಮೇಲಿನ ಪ್ರೀತಿ, ಅಷ್ಟೆ.

ರಾಕ್ ಗಾರ್ಡನ್ ಎಂದೊಡನೆ ಇಲ್ಲಿಯವರಿಗೆ ನೆನಪಾಗುವುದು ನೇಕ್ ಚಂದ್ ಅವರು ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಚಂಡೀಗಢದಲ್ಲಿ ಕಟ್ಟಿದ ತೋಟ. ಇಲ್ಲವೇ ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿರುವ, ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ನಿಲ್ಲಿಸಿದ ತೋಟ. ಈ ಸಂಘದವರ ಕಲ್ಲುತೋಟ ಬೇರೆಯದು. ಇಲ್ಲಿ ಕಲ್ಲು ನೋಡುವುದಕ್ಕಲ್ಲ, ಗಿಡದ ಬೇರಿಗೆ. ಪರ್ವತದಲ್ಲಿ ಒಂದು ಎತ್ತರದ ಆಚೆಗೆ ಮರಗಳು ಬೆಳೆಯುವುದಿಲ್ಲ. ಆಲ್ಪ್ಸ್‌ನಲ್ಲಿ ಆ ಗಡಿ ಸುಮಾರು 2,000 ಮೀಟರಿನಲ್ಲಿದ್ದರೆ ಹಿಮಾಲಯದಲ್ಲಿ ಅದಕ್ಕಿಂತ ಬಹಳ ಮೇಲಿದೆ. ಆ ಗಡಿಯಿಂದ ಆಚೆಗೆ ಬದುಕುವ ಸಸ್ಯಗಳಿಗೆ ಆಲ್ಪೈನ್ ಎಂದು ಹೆಸರು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಎಷ್ಟೇ ಚಳಿಗಾಳಿ ಬೀಸಿದರೂ ಇವು ಸಿಗುವುದಿಲ್ಲ.

ಆ ಎತ್ತರದಲ್ಲಿ ಬದುಕುವುದು ಸುಲಭವಲ್ಲ. ನೂರು ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಗಾಳಿ ಚರ್ಮ ಸುಲಿಯುವಂತೆ ಬೀಸುತ್ತದೆ. ಬೆಳೆಯಲು ಸಿಗುವುದು ವರ್ಷಕ್ಕೆ ಎರಡು ಮೂರು ತಿಂಗಳು. ಆದ್ದರಿಂದಲೇ ಅಲ್ಲಿಯ ಎಷ್ಟೋ ಗಿಡಗಳು ತಲೆಯೆತ್ತದೆ ನೆಲಕ್ಕೆ ಅಂಟಿಕೊಂಡು ದಿಂಬಿನ ಆಕಾರದಲ್ಲಿ ಬೆಳೆಯುತ್ತವೆ. ಸಾವಿರಾರು ಕಿರುಗೊಂಬೆಗಳು ಒತ್ತೊತ್ತಾಗಿ ಸೇರಿ ಗಾಳಿಯನ್ನು ಹೊರಗಿಟ್ಟು ಬಿಸಿಲನ್ನು ಒಳಗೆ ಹಿಡಿದಿಡುತ್ತವೆ. ಬಿಸಿಲಿರುವಾಗ ದಿಂಬಿನ ಒಳಗಿನ ಉಷ್ಣತೆ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚಿರಬಹುದು. ಮೇಲೆ ಎರಡು ಅಂಗುಲ ಎತ್ತರವಿಲ್ಲದ ಗಿಡದ ಬೇರು ಕಲ್ಲಿನ ಸಂದುಗಳಲ್ಲಿ ಬಹಳ ಆಳಕ್ಕೆ ಇಳಿದಿರುತ್ತದೆ. ಅಂಗೈಯಗಲದ ಒಂದು ದಿಂಬು ಹಲವು ದಶಕಗಳ ಬೆಳವಣಿಗೆಯಾಗಿರಬಹುದು.

ಇಂಥ ಗಿಡವನ್ನು ಬಯಲು ಸೀಮೆಗೆ ತಂದು ಬೆಳೆಸುವ ಆಸೆ ಹಳೆಯದು. ಲಂಡನ್ನಿನ ಚೆಲ್ಸಿ ಔಷಧಿ ತೋಟದಲ್ಲಿ 1773ರಲ್ಲೇ ಒಂದು ಕಲ್ಲುತೋಟ ಕಟ್ಟಿದರು. ಅದಕ್ಕೆ ಲಂಡನ್ ಗೋಪುರದ ಹಳೆಯ ಕಲ್ಲುಗಳ ಜೊತೆಗೆ, ಜೋಸೆಫ್ ಬ್ಯಾಂಕ್ಸ್ ಐಸ್‌ಲೆಂಡಿನಿಂದ ಹಡಗಿನಲ್ಲಿ ತಂದ ಜ್ವಾಲಾಮುಖಿಯ ಲಾವಾ ಕಲ್ಲನ್ನೂ ಬಳಸಿದರು. ಆಮೇಲೆ ಸಿರಿವಂತರಿಗೆ ಇದೊಂದು ಗೀಳಾಯಿತು. ಹೆನ್ಲಿಯ ಫ್ರಯರ್ ಪಾರ್ಕ್ ಎಂಬ ತನ್ನ ಬಂಗಲೆಯಲ್ಲಿ ಸರ್ ಫ್ರಾಂಕ್ ಕ್ರಿಸ್ಪ್ ಎಂಬ ವಕೀಲ ಸಾವಿರಾರು ಟನ್ ಕಲ್ಲು ತರಿಸಿ, ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರದ ಪುಟ್ಟ ಪ್ರತಿಕೃತಿಯನ್ನೇ ನಿಲ್ಲಿಸಿದ. ಪರ್ವತದ ರೂಪವನ್ನೇನೋ ತರಬಹುದು. ಆದರೆ ಗಿಡಕ್ಕೆ ಬೇಕಾದದ್ದು ಪರ್ವತದ ಚಿತ್ರವಲ್ಲ, ಪರ್ವತದ ನಡವಳಿಕೆ. ನೀರು ನಿಲ್ಲದ ಸಂದು, ಬೇರಿಗೆ ತಂಪು, ತಲೆಗೆ ಬೆಳಕು.

ಇದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದವನು ಬಾಲ್ಯದಲ್ಲಿ ಸ್ಪಷ್ಟವಾಗಿ ಮಾತನಾಡಲಾಗದಿದ್ದ ಒಬ್ಬ ಹುಡುಗ. ಹೆಸರು ರೆಜಿನಾಲ್ಡ್ ಫ್ಯಾರರ್. 1880ರಲ್ಲಿ ಹುಟ್ಟಿದ ಈತನ ಅಂಗುಳು ಹುಟ್ಟಿನಿಂದಲೇ ಸೀಳಿತ್ತು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದವು. ಹುಡುಗನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಿದರು. ಓರಗೆಯವರ ಜೊತೆ ಆಡಬೇಕಾದ ವಯಸ್ಸಿನಲ್ಲಿ ಅವನಿಗೆ ಜೊತೆಯಾದದ್ದು ಯಾರ್ಕ್‌ಷೈರಿನ ಇಂಗಲ್‌ಬರೋ ಬೆಟ್ಟದ ಸುಣ್ಣಕಲ್ಲಿನ ಬಂಡೆಗಳು. ಯಾವ ಗಿಡ ಯಾವ ಸಂದಿನಲ್ಲಿ ಕೂತಿದೆ, ಯಾವುದು ನೆರಳಿಗೆ ಮುಖ ಮಾಡಿದೆ, ಯಾವುದು ಜಾರುವ ಜಲ್ಲಿಯಲ್ಲೇ ನೆಲೆ ಕಂಡುಕೊಂಡಿದೆ ಎಂದು ನೋಡುತ್ತಾ ತಿರುಗಿದ. ಹದಿನಾಲ್ಕನೆಯ ವಯಸ್ಸಿಗೆ ಪಾಳುಬಿದ್ದ ಕಲ್ಲುಗಣಿಯೊಂದರಲ್ಲಿ ತನ್ನದೇ ತೋಟ ಮಾಡಿದ. ಮುಂದೆ ಆಕ್ಸ್‌ಫರ್ಡಿನಲ್ಲಿ ಪದವಿ ಪಡೆದ, ಕಾದಂಬರಿ ಬರೆದ. ಕಾದಂಬರಿಗಳು ಹೆಸರು ತರಲಿಲ್ಲ. 1907ರಲ್ಲಿ ಬರೆದ ‘ಮೈ ರಾಕ್ ಗಾರ್ಡನ್’ ಎಂಬ ಪುಸ್ತಕ ತಂದಿತು.

ಆ ಪುಸ್ತಕದಲ್ಲಿ ಅವನು ಅಂದಿನ ತೋಟಗಳನ್ನು ಬಾದಾಮಿ ಚುಚ್ಚಿಟ್ಟ ಸಿಹಿತಿಂಡಿಗೆ ಹೋಲಿಸಿ ಗೇಲಿ ಮಾಡಿದ. ಅವನ ಮಾತು ಹರಿತ. ಯಾರನ್ನೂ ಬಿಡುತ್ತಿರಲಿಲ್ಲ, ಕ್ರಿಸ್ಪ್‌ನಂಥವರ ವೈರವನ್ನೂ ಕಟ್ಟಿಕೊಂಡ. ಬೇರೆ ದೇಶದ ಗಿಡಗಳ ಬೀಜವನ್ನು ಬಂದೂಕಿಗೆ ತುಂಬಿ, ಕೈಗೆಟುಕದ ಬಂಡೆಯ ಮೇಲಕ್ಕೆ ಹಾರಿಸಿದನಂತೆ ಎಂಬ ಕಥೆಯೂ ಅವನ ಸುತ್ತ ಬೆಳೆದಿದೆ. 1914ರಲ್ಲಿ ವಿಲಿಯಂ ಪರ್ಡಮ್ ಎಂಬ ಜೊತೆಗಾರನೊಂದಿಗೆ ಚೀನಾದ ಗಾನ್ಸು ಪ್ರಾಂತಕ್ಕೆ ಹೋದ. ಅಲ್ಲಿಂದ ಬಂದ, ತಿಳಿಯಾದ ಆಕಾಶದ ಬಣ್ಣದ ಒಂದು ಜೆನ್ಶಿಯನ್ ಹೂವಿಗೆ ಇಂದೂ ಅವನ ಹೆಸರಿದೆ. 1919ರಲ್ಲಿ ಅವನ ಎರಡು ಸಂಪುಟಗಳ ದೊಡ್ಡ ಗ್ರಂಥ ಹೊರಬಂತು. ಮರುವರ್ಷ ಅಕ್ಟೋಬರಿನಲ್ಲಿ ಉತ್ತರ ಬರ್ಮಾದ ಬೆಟ್ಟಗಳಲ್ಲಿ, ಗಿಡ ಹುಡುಕುತ್ತಿದ್ದಾಗಲೇ ಕಾಯಿಲೆ ಬಿದ್ದು ತೀರಿಕೊಂಡ. ಆಗ ಅವನಿಗೆ ನಲವತ್ತು ವರ್ಷ. ಒಂಬತ್ತು ವರ್ಷಗಳ ನಂತರ ಸಂಘ ಹುಟ್ಟಿತು. ಅದರ ಪ್ರದರ್ಶನಗಳಲ್ಲಿ ಅತ್ಯುತ್ತಮ ಗಿಡಕ್ಕೆ ಕೊಡುವ ಪದಕಕ್ಕೆ ಫ್ಯಾರರ್ ಪದಕವೆಂದೇ ಹೆಸರು. ಮನೆಯಲ್ಲಿ ಕೂತು ಬೆಳೆದ ಹುಡುಗನ ಹೆಸರಿನಲ್ಲಿ ಇಂದು ಸಭಾಂಗಣಗಳಲ್ಲಿ ಜನ ಸೇರುತ್ತಾರೆ.

ಆ ಪ್ರದರ್ಶನಗಳೂ ನೋಡುವಂಥವು. ಉದ್ದನೆಯ ಮೇಜುಗಳ ಮೇಲೆ ಕುಂಡಗಳ ಸಾಲು. ಹೊಸಬರಿಗೆ ಬೇರೆ ವಿಭಾಗ, ಪಳಗಿದವರಿಗೆ ಬೇರೆ. ಒಂದು ಸ್ಪರ್ಧೆಯಲ್ಲಿ ಕುಂಡದ ಬಾಯಿ 19 ಸೆಂಟಿಮೀಟರ್ ಮೀರುವಂತಿಲ್ಲ. ಇನ್ನೊಂದರಲ್ಲಿ ಸ್ಪರ್ಧಿಯೇ ಬೀಜ ಬಿತ್ತಿ ಬೆಳೆಸಿದ ಗಿಡವಾಗಿರಬೇಕು. ಹಣ ಕೊಟ್ಟು ದೊಡ್ಡ ಗಿಡ ತಂದು ನಿಲ್ಲಿಸಿದರೆ ಆ ಮೇಜಿನ ಮೇಲೆ ಬೆಲೆಯಿಲ್ಲ. ವರ್ಷಗಳನ್ನು ಕೊಟ್ಟಿರಬೇಕು.

ಅಷ್ಟು ವರ್ಷ ಅವರು ಕಲಿಯುವುದಾದರೂ ಏನನ್ನು? ಮೊದಲ ಪಾಠವೇ ತಲೆಕೆಳಗು. ಹಿಮದ ನಾಡಿನ ಗಿಡ ಇಂಗ್ಲೆಂಡಿನಲ್ಲಿ ಸಾಯುವುದು ಹೆಚ್ಚಾಗಿ ಚಳಿಯಿಂದಲ್ಲ, ಚಳಿಗಾಲದ ಮಳೆಯಿಂದ! ಪರ್ವತದಲ್ಲಿ ಚಳಿಗಾಲ ಪೂರ್ತಿ ಗಿಡದ ಮೇಲೆ ಹಿಮದ ಹೊದಿಕೆ ಇರುತ್ತದೆ. ಅದರ ಕೆಳಗೆ ನೀರಿನ ಕಾಟವಿಲ್ಲ, ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿ ನಿಂತಿರುತ್ತದೆ, ಗಿಡ ನಿದ್ದೆ ಮಾಡುತ್ತದೆ. ಇಂಗ್ಲೆಂಡಿನ ಜಿಟಿಜಿಟಿ ಮಳೆ ಅದನ್ನು ಮಲಗಲೂ ಬಿಡುವುದಿಲ್ಲ, ಏಳಲೂ ಬಿಡುವುದಿಲ್ಲ. ಬುಡ ಕೊಳೆಯುತ್ತದೆ. ಆದ್ದರಿಂದ ಇವರು ಗಾಜಿನ ಮನೆ ಕಟ್ಟುತ್ತಾರೆ, ಆದರೆ ಅದಕ್ಕೆ ಬಿಸಿ ಕೊಡುವುದಿಲ್ಲ. ಕಿಟಕಿಗಳು ಸದಾ ತೆರೆದೇ ಇರುತ್ತವೆ. ಗಾಜು ಇರುವುದು ಮಳೆಗೆ ಕೊಡೆಯಾಗಿ ಮಾತ್ರ. ಮಣ್ಣಿನ ಕುಂಡಗಳನ್ನು ಮರಳಿನಲ್ಲಿ ಕತ್ತಿನವರೆಗೆ ಹೂತು, ನೀರನ್ನು ಗಿಡಕ್ಕೆ ಹಾಕದೆ ಸುತ್ತಲಿನ ಮರಳಿಗೆ ಹಾಕುತ್ತಾರೆ. ಕುಂಡ ತನಗೆ ಬೇಕಾದಷ್ಟನ್ನು ಹೀರಿಕೊಳ್ಳುತ್ತದೆ. ಇರಾನಿನ ಸುಣ್ಣಕಲ್ಲಿನ ಕಡಿದಾದ ಬಂಡೆಗಳಿಂದ ಬಂದ ಡಯೊನೀಸಿಯ ಎಂಬ ಗಿಡವಿದೆ. ಚಳಿಗಾಲದಲ್ಲಿ ಅದರ ದಿಂಬಿನೊಳಗೆ ನೀರು ನಿಂತರೂ ಸಾಕು, ಕೊಳೆ ಹತ್ತುತ್ತದೆ. ಬೆಳೆಗಾರರು ಚಿಮಟದಿಂದ ಒಂದೊಂದೇ ಒಣಗಿದ ಹೂವನ್ನು ಕಿತ್ತು ಅದನ್ನು ಚೊಕ್ಕವಾಗಿಡುತ್ತಾರೆ.

ಗಿಡಕ್ಕೆ ಅಳತೆ ಮೀರಿ ಉಪಚಾರ ಮಾಡಿದವನೇ ಅದನ್ನು ಬೇಗ ಕೊಲ್ಲುತ್ತಾನೆ. ಹೆಚ್ಚು ಗೊಬ್ಬರ ಹಾಕಿದರೆ ಬಿಗಿಯಾದ ದಿಂಬು ಸಡಿಲಗೊಂಡು ಅದರ ಆಕಾರವೇ ಕೆಡುತ್ತದೆ. ಮೇಲಿಂದ ಮೇಲೆ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಮಕ್ಕಳನ್ನು ಬೆಳೆಸುವವರು ಈ ಮಾತನ್ನು ಒಂದು ಸಲ ಮನಸ್ಸಿಗೆ ತಂದುಕೊಂಡರೆ ನಷ್ಟವೇನಿಲ್ಲ.

ಅದಿರಲಿ. ಈ ಹವ್ಯಾಸಕ್ಕೆ ಒಂದು ಕರಾಳ ಮುಖವೂ ಇತ್ತು, ಅದನ್ನು ಮುಚ್ಚಿಡಬಾರದು. ಚೆಂದದ ಗಿಡ ಕಂಡರೆ ಗುದ್ದಲಿ ಹಾಕಿ ಬುಡಸಹಿತ ಕಿತ್ತು ತರುವುದು ಬಹುಕಾಲ ತಪ್ಪೆಂದೇ ಯಾರಿಗೂ ತೋರಿರಲಿಲ್ಲ. ಚಿಲಿ ದೇಶದ ಸಾಂಟಿಯಾಗೊ ನಗರದ ಬಳಿಯ ಬೆಟ್ಟಗಳಲ್ಲಿ ಟೆಕೊಫಿಲಿಯ ಎಂಬ ಗಡ್ಡೆಯ ಗಿಡ ಬೆಳೆಯುತ್ತಿತ್ತು. ಅದರ ಹೂವಿನ ನೀಲಿ ಮತ್ತೊಂದು ಹೂವಿನಲ್ಲಿ ಸಿಗುವುದು ಕಷ್ಟ. ಆ ನೀಲಿಯೇ ಅದಕ್ಕೆ ಮುಳುವಾಯಿತು. ಗಡ್ಡೆಗಳನ್ನು ಅಗೆದು ಹೊರದೇಶಗಳಿಗೆ ಮಾರಿದರು. ಉಳಿದದ್ದನ್ನು ದನಕರುಗಳು ಮೇದು ತುಳಿದವು. ಕಳೆದ ಶತಮಾನದ ನಡುವಿನ ಹೊತ್ತಿಗೆ ಅದು ಕಾಡಿನಲ್ಲಿ ಅಳಿದೇ ಹೋಯಿತೆಂದು ಎಲ್ಲರೂ ನಂಬಿದರು. ಆಮೇಲೆ ದಶಕಗಳ ಕಾಲ ಅದು ಉಳಿದದ್ದು ಇಂಥ ಬೆಳೆಗಾರರ ಕುಂಡಗಳಲ್ಲಿ. ಅವರು ಒಬ್ಬರಿಂದೊಬ್ಬರಿಗೆ ಬೀಜ, ಗಡ್ಡೆ ಕೊಡುತ್ತಾ ಬಂದರು. 2001ರಲ್ಲಿ ಸಾಂಟಿಯಾಗೊ ಬಳಿಯಲ್ಲೇ ಅದರ ಒಂದು ಕಾಡು ನೆಲೆ ಮತ್ತೆ ಪತ್ತೆಯಾಯಿತು. ಕಿತ್ತದ್ದೂ ಹೂವಿನ ಮೋಹವೇ, ಉಳಿಸಿದ್ದೂ ಹೂವಿನ ಮೋಹವೇ. ನಡುವೆ ಇರುವ ವ್ಯತ್ಯಾಸ ಒಂದೇ. ಮೊದಲಿನದಕ್ಕೆ ಗುದ್ದಲಿ ಗೊತ್ತಿತ್ತು, ಎರಡನೆಯದಕ್ಕೆ ಬೀಜ ಗೊತ್ತಿತ್ತು.

ಒಂದು ಗಿಡವನ್ನು ಕಳೆದುಕೊಳ್ಳದೆ ಇರಬೇಕೆಂದರೆ ಅದನ್ನು ನಾಲ್ಕು ಜನಕ್ಕೆ ಹಂಚಬೇಕು ಎಂಬುದು ತೋಟಗಾರರ ಹಳೆಯ ತಿಳಿವಳಿಕೆ. ಒಬ್ಬನ ಕುಂಡದಲ್ಲಿ ಅದು ಸತ್ತರೂ ಇನ್ನೊಬ್ಬನ ಹಿತ್ತಲಿನಲ್ಲಿ ಬದುಕಿರುತ್ತದೆ. ಬಚ್ಚಿಟ್ಟುಕೊಂಡವನ ಗಿಡ ಅವನೊಂದಿಗೇ ಮುಗಿಯುತ್ತದೆ. ಆ ಚಿಟಿಕೆ ಬೀಜದ ಪೊಟ್ಟಣಗಳ ಹಿಂದಿರುವ ಅರ್ಥ ಇದೇ. ಓದುವ ಮಕ್ಕಳು ತಮ್ಮ ನೋಟ್ಸನ್ನು ಪಕ್ಕದವನಿಗೆ ತೋರಿಸದೆ ಕೈ ಅಡ್ಡ ಹಿಡಿಯುತ್ತಾರಲ್ಲ, ಅವರೂ ಇದನ್ನು ತಿಳಿಯಬೇಕು.

ಭಾರತಕ್ಕೂ ಈ ಕಥೆಗೂ ನಂಟಿದೆ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುತ್ತಿದ್ದ ಬ್ರಿಟಿಷ್ ತಂಡವೊಂದು ಗಢವಾಲದ ಭ್ಯುಂಡಾರ್ ಕಣಿವೆಗೆ ಬಂತು. ಹೂವುಗಳ ನಡುವೆ ಕಾಲಿಡಲು ಜಾಗವಿಲ್ಲದಂಥ ಆ ನೋಟವನ್ನು ಫ್ರಾಂಕ್ ಸ್ಮೈತ್ ಮರೆಯಲಿಲ್ಲ. 1937ರಲ್ಲಿ ಮರಳಿ ಬಂದು ಬೀಜಗಳನ್ನು ಕೂಡಿಸಿಕೊಂಡು ಹೋದ. ಮರುವರ್ಷ ಅವನು ಬರೆದ ‘ದಿ ವ್ಯಾಲಿ ಆಫ್ ಫ್ಲವರ್ಸ್’ ಪುಸ್ತಕದ ಹೆಸರೇ ಆ ಕಣಿವೆಯ ಹೆಸರಾಗಿ ಲೋಕದಲ್ಲಿ ಹರಡಿತು. 1939ರಲ್ಲಿ ಜೋನ್ ಮಾರ್ಗರೆಟ್ ಲೆಗ್ ಎಂಬಾಕೆ ಗಿಡಗಳನ್ನು ಸಂಗ್ರಹಿಸಲು ಅಲ್ಲಿಗೆ ಬಂದು, ಬಂಡೆಯ ಇಳಿಜಾರಿನಲ್ಲಿ ಜಾರಿ ಬಿದ್ದು ಸತ್ತಳು. ಅವಳ ಸಮಾಧಿ ಇಂದೂ ಹೂವುಗಳ ನಡುವೆ ಇದೆ. ಆ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸ್ಮೈತ್‌ನಂತೆ ಚೀಲ ತುಂಬಿಕೊಂಡು ಹೋಗುವ ಕಾಲ ಮುಗಿದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿಯರು ಇಲ್ಲಿಯ ಸಸ್ಯಸಂಪತ್ತನ್ನು ಸಂಶೋಧನೆಗೋ ವ್ಯಾಪಾರಕ್ಕೋ ಪಡೆಯಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಬೀಜ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಲು ರೋಗವಿಲ್ಲವೆಂಬ ಪ್ರಮಾಣಪತ್ರವನ್ನು ಅನೇಕ ದೇಶಗಳು ಕೇಳುತ್ತವೆ. ಇದರಿಂದ ಸಂಘದ ಸದಸ್ಯರಿಗೆ ತೊಡಕಾಗಿದೆ ನಿಜ. ಹಿಂದೆ ಗುದ್ದಲಿ ಹಿಡಿದು ನಡೆದವರ ಸಾಲವನ್ನು ಇಂದಿನವರು ತೀರಿಸುತ್ತಿದ್ದಾರೆ ಎನ್ನಬೇಕು.

ಈಗ ಗುದ್ದಲಿಗಿಂತ ದೊಡ್ಡ ಅಪಾಯ ಬಂದಿದೆ. ಭೂಮಿ ಬಿಸಿಯಾಗುತ್ತಿದೆ. ಯೂರೋಪಿನ 302 ಶಿಖರಗಳ ತುದಿಯ ಸಸ್ಯಗಳ 145 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಅಲ್ಲಿ ಸಸ್ಯಜಾತಿಗಳ ಸಂಖ್ಯೆ ದಿನೇ ದಿನೇ ವೇಗವಾಗಿ ಏರುತ್ತಿರುವುದನ್ನು 2018ರಲ್ಲಿ ಪ್ರಕಟಿಸಿದರು. ಹೆಚ್ಚಾದರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ಹೆಚ್ಚಾಗುತ್ತಿರುವುದು ಕೆಳಗಿನ ಗಿಡಗಳು ಬಿಸಿಯನ್ನು ಹಿಂಬಾಲಿಸಿ ಮೇಲೇರುತ್ತಿರುವುದರಿಂದ. ಅವು ಎತ್ತರವಾಗಿ, ಬೇಗ ಬೆಳೆಯುವಂಥವು. ಮೊದಲಿನಿಂದ ತುದಿಯಲ್ಲೇ ಕೂತಿರುವ ದಿಂಬಿನ ಗಿಡ ಮತ್ತೆಲ್ಲಿಗೆ ಏರಬೇಕು? ಶಿಖರದ ಮೇಲೆ ಇನ್ನೊಂದು ಶಿಖರವಿಲ್ಲ. ಹಿಮಾಲಯಕ್ಕಾಗಲಿ ಆಲ್ಪ್ಸ್‌ಗಾಗಲಿ ಕುಂಡಗಳು ಬದಲಿಯಾಗಲಾರವು. ಆದರೂ ಒಂದು ಗಿಡದ ಬೀಜ ಯಾವಾಗ ಮೊಳೆಯುತ್ತದೆ, ಬೇರು ಏನನ್ನು ಕೇಳುತ್ತದೆ, ಯಾವುದರಿಂದ ಅದು ಸಾಯುತ್ತದೆ ಎಂಬ ತಿಳಿವಳಿಕೆ ಎಷ್ಟೋ ಬಾರಿ ಪ್ರಯೋಗಾಲಯಕ್ಕಿಂತ ಮೊದಲು ಇಂಥ ಹಿತ್ತಲುಗಳಲ್ಲಿ ಕೂಡಿದೆ.

ಚಳಿ ಕೇಳುವ ಬೀಜವನ್ನು ಕಣ್ಣಾರೆ ನೋಡಬೇಕೆಂದರೆ ಕರ್ನಾಟಕದ ವಿದ್ಯಾರ್ಥಿಗಳು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಸಂತೆಯಲ್ಲಿ ಸಿಗುವ ಸೇಬು ಸಾಕು. ಅದರ ಬೀಜಕ್ಕೂ ಇದೇ ಬೀಗ ಉಂಟು. ಇಪ್ಪತ್ತು ಬೀಜ ತೊಳೆದು, ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಮಂಜುಗಡ್ಡೆ ಕಟ್ಟುವ ಭಾಗದಲ್ಲಿ ಬೇಡ. ಉಳಿದ ಹತ್ತನ್ನು ಹಾಗೆಯೇ ಸುತ್ತಿ ಮನೆಯ ಮೂಲೆಯಲ್ಲಿಡಿ. ಎರಡರಲ್ಲೂ ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಎರಡು ಮೂರು ತಿಂಗಳು ತಾಳ್ಮೆಯಿಂದ ಕಾದು, ಯಾವುದರಲ್ಲಿ ಎಷ್ಟು ಮೊಳೆಯಿತು ಎಂದು ಬರೆದಿಡಿ. ತಂದೆತಾಯಿಯರು ನಡುವೆ ಡಬ್ಬಿಯನ್ನು ಕಸಕ್ಕೆ ಎಸೆಯದಿದ್ದರೆ ಅರ್ಧ ಪ್ರಯೋಗ ಗೆದ್ದಂತೆ.

ಏಕೆಂದರೆ ಆ ಅಜ್ಜನಂಥವರು ಹೊಸ ಸದಸ್ಯರಿಗೆ ಮೊದಲು ಹೇಳಿಕೊಡುವ ಪಾಠ ಅದೇ: ಮೊಳೆಯದ ಕುಂಡವನ್ನು ಎಸೆಯಬೇಡ. ಕೆಲವು ಬೀಜಗಳಿಗೆ ಒಂದು ಚಳಿಗಾಲ ಸಾಕಾಗುವುದಿಲ್ಲ, ಎರಡು ಬೇಕು. ಅಜ್ಜನ ಹಿತ್ತಲಿನಲ್ಲಿ ವಸಂತ ಬಂದಿದೆ. ಸಾಲಿನ ಹತ್ತು ಕುಂಡಗಳಲ್ಲಿ ಏಳು ಹಸುರಾಗಿವೆ. ಮೂರರಲ್ಲಿ ಬರೀ ನುರುಜುಗಲ್ಲು. ಅವರು ಆ ಮೂರನ್ನೂ ಎತ್ತಿ ನೋಡುತ್ತಾರೆ. ಪಟ್ಟಿಯ ಮೇಲಿನ ತಾರೀಕು ಓದುತ್ತಾರೆ. ಕಳೆ ಕಿತ್ತು, ನೀರು ಚಿಮುಕಿಸಿ, ಇದ್ದ ಜಾಗದಲ್ಲೇ ಇಡುತ್ತಾರೆ. ಮುಂದಿನ ಚಳಿ ಬರಲಿ, ನೋಡೋಣ ಎಂಬುದು ಅವರ ಲೆಕ್ಕ.